ಚಪ್ಪಾಳೆ ಕತ್ತರಿಸಿದ ಕ್ಯಾಸೆಟ್

ಜೋಗದ ಕಾಲೊನಿಯಲ್ಲಿ ನಮ್ಮ ಎದುರು ಮನೆಯ ಇಂಜಿನಿಯರಿಗೆ ವರ್ಗವಾದಾಗ ಅವರು ಒಂದು ರಟ್ಟಿನ ಡಬ್ಬಿ ತುಂಬ ಇಂಗ್ಲಿಷ್ ಕ್ಯಾಸೆಟ್‌ಗಳನ್ನು ನಮಗೆ ಬಿಟ್ಟುಹೋದರು. ಪವರ್‌ಹೌಸಿನಲ್ಲಿ ಫಿಟ್ಟರ್ ಆಗಿದ್ದ ಅಪ್ಪ, ಅವುಗಳ ಮೇಲೆ ಭಜನೆ ತುಂಬಿಸಿಕೊಳ್ಳಬಹುದು ಎಂದು ಇಸಿದುಕೊಂಡಿದ್ದರು. ಪಿಯುಸಿ ಓದುತ್ತಿದ್ದ ನಾನು ಅದಕ್ಕೂ ಮೊದಲು ಒಂದನ್ನು ಹಾಕಿ ಕೇಳಿದೆ.

ಅದು ಯಾವುದೋ ದೂರದ ಊರಿನ ಬಯಲಿನಲ್ಲಿ ನಡೆದ ರಾಕ್ ಕಾರ್ಯಕ್ರಮದ ಲೈವ್ ಆಲ್ಬಂ. ಹಾಡಿಗಿಂತ ಮೊದಲು ಕೇಳಿಸಿದ್ದು ಜನ. ಸಾವಿರಾರು ಮಂದಿ ಒಟ್ಟಿಗೆ ಕೂಗುತ್ತಿದ್ದರು, ಸಿಳ್ಳೆ ಹಾಕುತ್ತಿದ್ದರು. ಹಾಡುವವನ ಗಂಟಲು ಒಡೆದಿತ್ತು. ಒಂದು ಕಡೆ ಅವನು ಸಾಲು ಮರೆತು ತಡವರಿಸಿದ. ಜನರೇ ಆ ಸಾಲನ್ನು ಹಾಡಿಕೊಟ್ಟರು. ತಪ್ಪೇ ಇಲ್ಲದ ಹಾಡುಗಳನ್ನು ರೇಡಿಯೋದಲ್ಲಿ ಕೇಳಿ ಬೆಳೆದವಳಿಗೆ, ತಪ್ಪಿದವನನ್ನೂ ಜನ ಹೀಗೆ ಎತ್ತಿಕೊಳ್ಳುತ್ತಾರೆ ಎಂಬುದು ಅವತ್ತು ಗೊತ್ತಾಯಿತು. ಅದು ಸುಳ್ಳೆಂದು ಗೊತ್ತಾಗಲು ಮೂರು ವರ್ಷ ಬೇಕಾಯಿತು.

ಹಾಕಿ ಹಾಕಿ ಟೇಪು ತುಂಡಾಯಿತು. ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿಯೊಂದಿತ್ತು. ಅಂಗಡಿಯವರು ಹುಂಚದ ಕಡೆಯವರು, ಮೂವತ್ತರ ಆಸುಪಾಸು. ಟೇಪು ಅಂಟಿಸಿ, ಇನ್ನೊಂದು ಕ್ಯಾಸೆಟ್ಟಿಗೆ ಪ್ರತಿ ಮಾಡಿಕೊಟ್ಟರು. ಮನೆಗೆ ಬಂದು ಹಾಕಿದರೆ ಹಾಡಿನ ಹಿಂದೆ ಹಾಡು ಬರುತ್ತಿದೆ, ಜನವೇ ಇಲ್ಲ. ಮಾರನೆಯ ದಿನ ಕಾಲೇಜು ಮುಗಿಸಿಕೊಂಡು ಜಗಳಕ್ಕೇ ಹೋದೆ.

"ಚಪ್ಪಾಳೆ ಎಲ್ಲಿ ಹೋಯ್ತು?"

"ಅದನ್ನ ಎಂತಕ್ಕೆ ಯಾರಾದ್ರೂ ಕೇಳ್ತಾರೆ? ಗಲಾಟೆ ತೆಗೆದ್ರೆ ಕೊನೇಲಿ ಇನ್ನೆರಡು ಹಾಡು ಹಿಡೀತದೆ ಅಂತ ಹಾಕಿಕೊಟ್ಟೆ."

"ನಂಗೆ ಗಲಾಟೆ ಬೇಕು."

ಅವರು ಕೌಂಟರಿನ ಹಿಂದಿನಿಂದ ಗಿಟಾರು ತೆಗೆದು, ಆ ಕ್ಯಾಸೆಟ್ಟಿನ ಮೊದಲ ಹಾಡಿನ ಆರಂಭವನ್ನು ತಪ್ಪಿಲ್ಲದೆ ನುಡಿಸಿದರು. ಟೇಪು ಅಂಟಿಸುವಾಗ ಕೇಳಿಯೇ ಕಲಿತಿದ್ದರು. "ಹೇಳ್ತೀಯಾ?" ಎಂದರು. ಅಂಗಡಿಯಲ್ಲಿ ನಿಂತೇ ಹಾಡಿದೆ.

ಅಂದಿನಿಂದ ಅವರು ನನಗೆ ಅಣ್ಣ. ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸ. ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಒಬ್ಬರನ್ನು ಅಣ್ಣ ಒಪ್ಪಿಸಿ ಕರೆತಂದರು. ಎಲ್ಲಿಂದಲೋ ಲೈವ್ ಆಲ್ಬಂಗಳನ್ನು ತರಿಸಿ, ಒಂದೇ ಹಾಡನ್ನು ಸ್ಟುಡಿಯೋದಲ್ಲಿ ಹೇಗೆ ಹಾಡಿದ್ದಾರೆ, ಜನರೆದುರು ಹೇಗೆ ಹಾಡಿದ್ದಾರೆ ಎಂದು ಒಂದರ ಹಿಂದೊಂದು ಹಾಕಿ ಕೇಳಿಸುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ನಮ್ಮ ಎದುರು ಒಬ್ಬ ಮನುಷ್ಯನೂ ಕೂತು ಕೇಳಿರಲಿಲ್ಲ.

ಕೊನೆಗೆ ತೀರ್ಥಹಳ್ಳಿಯ ಕಡೆಯ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅರ್ಧ ಗಂಟೆ ಸಿಕ್ಕಿತು. ಮೊದಲ ಹಾಡಿಗೆ ಜನ ಬೆರಗಾಗಿ ಸುಮ್ಮನಿದ್ದರು. ಎರಡನೆಯದಕ್ಕೆ ಹಿಂದಿನ ಸಾಲಿನಿಂದ ಕಾಗದದ ಉಂಡೆಗಳು ಬಂದವು. "ಎಂತದೇ ಅದು, ಹೊಟ್ಟೆನೋವಾ?" ಎಂದು ಒಬ್ಬ ಕೂಗಿದ. ನನ್ನ ಗಂಟಲು ಒಡೆಯಿತು, ಸಾಲು ಮರೆತುಹೋಯಿತು. ಯಾರೂ ಹಾಡಿಕೊಡಲಿಲ್ಲ. ಇಡೀ ಶಾಮಿಯಾನ ನಕ್ಕಿತು.

ಮೇಷ್ಟರೊಬ್ಬರು ವೇದಿಕೆಯ ಮೆಟ್ಟಿಲಿಗೆ ಬಂದು, "ಒಂದು ಸಿನಿಮಾ ಹಾಡು ಹೇಳಿಬಿಡಮ್ಮ, ಇಲ್ಲಾಂದ್ರೆ ಇವರು ಬಿಡೋದಿಲ್ಲ" ಎಂದರು.

ಅಣ್ಣ ಹಿಂದಿನಿಂದ ಮೆಲ್ಲಗೆ, "ಬೇಡ. ಮೂರನೇದು ಶುರು ಮಾಡು" ಎಂದರು.

ನಾನು ಅವರ ಕಡೆ ತಿರುಗಲಿಲ್ಲ. ಆ ವರ್ಷ ಎಲ್ಲ ಬಸ್ಸಿನಲ್ಲೂ ಕೇಳಿಸುತ್ತಿದ್ದ ಒಂದು ಹಾಡನ್ನು ಹಾಗೇ ಎತ್ತಿಕೊಂಡೆ. ಎರಡು ಸಾಲಿನೊಳಗೆ ಡ್ರಮ್ಮಿನವರು ಸೇರಿಕೊಂಡರು. ಜನ ಎದ್ದುನಿಂತರು. ಕ್ಯಾಸೆಟ್ಟಿನಲ್ಲಿ ಕೇಳಿದ್ದ ಅದೇ ಕೂಗು, ಅದೇ ಸಿಳ್ಳೆ, ಈಗ ನನಗೆ. ಅಣ್ಣ ಗಿಟಾರಿನ ವೈರು ಕಿತ್ತು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಇನ್ನೂ ಮೂರು ಸಿನಿಮಾ ಹಾಡು ಹೇಳಿದೆ. ಪ್ರತಿಯೊಂದಕ್ಕೂ ಅವರು ಅಲ್ಲೇ ಕೂತಿದ್ದರು.

ವಾರದೊಳಗೆ ಶಿವಮೊಗ್ಗದ ಆರ್ಕೆಸ್ಟ್ರಾದವರು ಮನೆ ಹುಡುಕಿಕೊಂಡು ಬಂದರು. ಒಪ್ಪಿಕೊಂಡು, ಆ ಸುದ್ದಿಯನ್ನು ಅಂಗಡಿಗೆ ಹೋಗಿ ಹೇಳಿದೆ.

"ಎರಡು ವರ್ಷ ಕಲ್ತಿದ್ದು?" ಎಂದರು ಅಣ್ಣ.

"ಯಾರೂ ಕೇಳದ ಹಾಡು ಕಟ್ಟಿಕೊಂಡು ಎಂತ ಮಾಡೋದು ಅಣ್ಣ? ನೀವೂ ಇದೇ ಅಂಗಡೀಲಿ ಮುದುಕರಾಗ್ತೀರಿ ಅಷ್ಟೇ."

ನನ್ನ ಆ ಮಾತಿಗೆ ಆಗ ಹೆಮ್ಮೆಪಟ್ಟಿದ್ದೆ ಎಂಬುದನ್ನೂ ಇಲ್ಲಿ ಬರೆಯಬೇಕು.

ಹದಿನೈದು ವರ್ಷ ಹಾಡಿದೆ. ಮದುವೆ ಆರತಕ್ಷತೆ, ಗಣಪತಿ ಪೆಂಡಾಲು, ಗೃಹಪ್ರವೇಶ. ಕ್ಯಾಸೆಟ್ಟಿನಲ್ಲಿದ್ದಂತೆಯೇ ಹಾಡಬೇಕು, ಒಂದು ಎಳೆ ಬದಲಾದರೂ ಜನ ಒಪ್ಪುತ್ತಿರಲಿಲ್ಲ. ರಾಕ್ ಎಂದರೆ ಹುಡುಗಾಟ ಎನ್ನುತ್ತಿದ್ದೆ. ಇಂಜಿನಿಯರು ಬಿಟ್ಟುಹೋದ ಆ ಡಬ್ಬಿಯ ಕ್ಯಾಸೆಟ್‌ಗಳನ್ನು ಗುಜರಿಯವನಿಗೆ ಹಾಕಿದೆ. ಆಮೇಲೆ ವಾದ್ಯಗಳನ್ನು ಮೊದಲೇ ಮುದ್ರಿಸಿಟ್ಟ ಟ್ರ್ಯಾಕ್ ಬಂತು. ವಾದ್ಯದವರು ಒಬ್ಬೊಬ್ಬರೇ ಹೋದರು, ಪೆನ್‌ಡ್ರೈವ್ ಉಳಿಯಿತು. ಗಂಟಲು ಕೈಕೊಟ್ಟ ದಿನಗಳಲ್ಲಿ ಹಾಡೂ ಪೆನ್‌ಡ್ರೈವಿನದೇ, ನಾನು ಬರೀ ಬಾಯಿ ಆಡಿಸುತ್ತಿದ್ದೆ. ಚಪ್ಪಾಳೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಅದು ಕಂಡಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ.

ಗಂಟಲಲ್ಲಿ ಗಂಟಾಗಿದೆ, ಇನ್ನು ಹಾಡುವುದು ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಹೊಸನಗರದಲ್ಲಿ ಒಂದು ಕೋಣೆ ಹಿಡಿದು ಮಕ್ಕಳಿಗೆ ಭಾವಗೀತೆ ಹೇಳಿಕೊಡುತ್ತಿದ್ದೇನೆ. ಮೊಬೈಲಿನಲ್ಲಿ ಆ ಹಳೆಯ ಲೈವ್ ಆಲ್ಬಂ ಮತ್ತೆ ಸಿಕ್ಕಿತು. ಅದರ ಕೆಳಗೆ ಯಾರೋ ಬರೆದಿದ್ದರು: ಹಾಡುಗಳಲ್ಲಿ ಅರ್ಧದಷ್ಟನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಹಾಡಿ ಸೇರಿಸಿದ್ದು, ಜನರ ಸದ್ದು ಬೇರೆ ಕಾರ್ಯಕ್ರಮದ್ದು. ನಿಜವೋ ಸುಳ್ಳೋ ತಿಳಿಯದು. ಪೂರ್ತಿ ಕೇಳಲಾಗದೆ ನಿಲ್ಲಿಸಿದೆ. ಈಗ ನನಗೆ ಹಿಡಿಸುವುದು ಸಣ್ಣ ಕೋಣೆಗಳಲ್ಲಿ ಮುದ್ರಿಸಿದ ಲೈವ್‌ಗಳು. ಇಪ್ಪತ್ತು ಜನ, ಯಾರದೋ ಕೆಮ್ಮು, ಕುರ್ಚಿ ಎಳೆದ ಸದ್ದು. ಅಂಥದ್ದನ್ನು ನಾವು ಮಾಡಬಹುದಿತ್ತು. ಸಾಗರದಲ್ಲಿ ಇಪ್ಪತ್ತು ಜನ ಸಿಗುತ್ತಿರಲಿಲ್ಲವೇ?

ಹೋದ ವರ್ಷ ಅಣ್ಣನನ್ನು ಹುಡುಕಿಕೊಂಡು ಹುಂಚಕ್ಕೆ ಹೋದೆ. ಅಂಗಡಿ ಮುಚ್ಚಿ, ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ಗುರುತು ಹಿಡಿದರು, ಸ್ಟೂಲು ಕೊಟ್ಟರು, ಕಾಫಿ ತರಿಸಿದರು. ಗಿಟಾರು ಇದೆಯಾ ಎಂದು ಕೇಳಿದೆ.

"ಇಲ್ಲ. ಈಗ ಎಂತದೂ ಕೇಳೋದೂ ಇಲ್ಲ."

"ಅವತ್ತು ತೀರ್ಥಹಳ್ಳಿಯಲ್ಲಿ ನಾನು ಆ ಹಾಡು ಹೇಳಬಾರದಿತ್ತು ಅಣ್ಣ."

ಅವರು ಅಂಗೈಯ ಹಿಟ್ಟು ಕೊಡವಿಕೊಂಡರು.

"ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ. ಅಷ್ಟು ಚೆನ್ನಾಗಿ ಹೇಳಿದೆಯಲ್ಲ, ಅದಕ್ಕೆ. ನಮ್ಮ ಹಾಡನ್ನ ನೀನು ಒಂದು ದಿನಾನೂ ಹಾಗೆ ಹೇಳಿರ್ಲಿಲ್ಲ."

ಯಾರೋ ಅಕ್ಕಿಯ ಚೀಲ ತಂದು ಬಾಗಿಲಲ್ಲಿ ಇಳಿಸಿದರು. ಅಣ್ಣ ಎದ್ದು ಮೋಟಾರು ಹಾಕಿದರು. ಆ ಸದ್ದಿನಲ್ಲಿ ಮಾತಾಡುವಂತಿರಲಿಲ್ಲ. ಚೀಲ ಮುಗಿಯುವವರೆಗೂ ಕೂತಿದ್ದೆ. ಮುಗಿದ ಮೇಲೆ ಅವರು ಮೋಟಾರು ನಿಲ್ಲಿಸದೆ ಇನ್ನೊಬ್ಬರ ಚೀಲ ಸುರಿದರು. ನಾನು ಎದ್ದು, ಹೊಸನಗರದ ಬಸ್ಸಿಗೆ ರಸ್ತೆಗೆ ಬಂದು ನಿಂತೆ.