ಮಹಡಿ ಮನೆಯ ಓಟಗಾರ್ತಿ

ಬಸವೇಶ್ವರನಗರದ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಓಟಗಾರ್ತಿ, ಒಮ್ಮೆ ಕಣ್ಣಿಂದ ಮರೆಯಾದ ನೀರಿನ ಬಾಟಲಿಯನ್ನು ಮತ್ತೆ ಬಾಯಿಗಿಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಮರೆತು ಹೋಗಿದ್ದರೂ ಸಾಕು, ಅಷ್ಟನ್ನೂ ನಮ್ಮ ದಾಸವಾಳಕ್ಕೆ ಸುರಿಯುವಳು. ಯಾರಾದರೂ ಏನಾದರೂ ಬೆರೆಸಿದ್ದು, ನಿಷೇಧಿತ ಮದ್ದು ಪತ್ತೆಹಚ್ಚುವ ಡೋಪ್ ಟೆಸ್ಟಿನಲ್ಲಿ ಅವಳು ಸಿಕ್ಕಿಬಿದ್ದರೆ ಹೊಣೆ ಅವಳದೇ.

ಒಮ್ಮೆ ಅವಳು ಕೆಮ್ಮುತ್ತಿದ್ದಾಗ ನಮ್ಮತ್ತೆ ಕಷಾಯ ಮಾಡಿಕೊಟ್ಟರು.

"ಬೇಡ ಅಜ್ಜಿ, ಏನಿದೆ ಅಂತ ಗೊತ್ತಿಲ್ದೆ ಕುಡಿಯಲ್ಲ."

"ನಾನೇನು ವಿಷ ಹಾಕ್ತೀನಾ?" ಎಂದ ಅತ್ತೆ ಅವಳೊಂದಿಗೆ ಮಾತು ಬಿಟ್ಟರು.

ತಂಡದ ಆಯ್ಕೆಗೆ ಮುಂಚೆ ಅವಳ ಕೋಚ್ ನಮ್ಮ ಗೇಟಿನ ಬಳಿ ಒಂದು ಪೊಟ್ಟಣ ಚಾಚಿದ. ಅತ್ತೆ ಅಲ್ಲೇ ಹೂವು ಕೀಳುತ್ತಿದ್ದರು.

"ಎಲ್ರೂ ತಗೋತಾರೆ ಕಣಮ್ಮ. ಟೆಸ್ಟಲ್ಲಿ ಸಿಗಲ್ಲ. ಇದಿಲ್ದೆ ನೀನು ಟೀಮಿಗೆ ಬರಲ್ಲ."

"ಏನಿದೆ ಅಂತ ಗೊತ್ತಿಲ್ದೇ ಇರೋದನ್ನೇ ಮುಟ್ಟಲ್ಲ ಸಾರ್. ಇದ್ರಲ್ಲಿ ಏನಿದೆ ಅಂತ ಗೊತ್ತಿದ್ದೂ ತಗೋತೀನಾ?"

ಅವಳು ಆಯ್ಕೆಯಾಗಲಿಲ್ಲ. ಆ ಸಂಜೆ ಶೂ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದಳು. "ಬೆಳಗ್ಗೆ ಬೇಗ ಗೇಟ್ ತೆಗೀಬೇಕು ಆಂಟಿ, ಪ್ರಾಕ್ಟೀಸ್ ಇದೆ," ಎಂದಳು.

ಒಳಗಿಂದ ಬಂದ ಅತ್ತೆ, ಕೆತ್ತದ ಇಡೀ ಎಳನೀರೊಂದನ್ನು ಅವಳ ಮುಂದಿಟ್ಟು, ಪಕ್ಕದಲ್ಲಿ ಮಚ್ಚು ಇಟ್ಟರು.

"ತಗೋ. ನೀನೇ ಕೊಚ್ಚಿ ಕುಡಿ."