ರಂಗಪ್ಪನ ಜಾಗಕ್ಕೆ ಬಂದ ನನ್ನ ಸೈಕಲ್

ಗೆಳೆಯರೇ, ಇವತ್ತು ಹಾಸನದ ನಮ್ಮ ಕಚೇರಿಗೆ ಕಾರು ಬಿಟ್ಟು ಸೈಕಲ್ಲಿನಲ್ಲಿ ಹೋದೆ. ವಾರಕ್ಕೊಂದು ದಿನ ಎಲ್ಲರೂ ಹೀಗೇ ಬರೋಣ ಎಂದು ಸುತ್ತೋಲೆ ಹೊರಡಿಸಿದವನೇ ನಾನು. ಗೇಟಿನಲ್ಲಿ ವಾಚ್‌ಮನ್ ಓಡಿಬಂದ. ಹೊಂಗೆಮರದ ಕೆಳಗಿದ್ದ ಹಳೇ ಸೈಕಲ್ಲನ್ನು ಬಿಸಿಲಿಗೆ ತಳ್ಳಿ, ಅಲ್ಲಿ ನನ್ನದನ್ನು ನಿಲ್ಲಿಸಿದ. ಆ ಹಳೇದು ಇಪ್ಪತ್ತು ವರ್ಷದಿಂದ ಸೈಕಲ್ಲಿನಲ್ಲೇ ಬರುತ್ತಿರುವ ಅಟೆಂಡರ್ ರಂಗಪ್ಪನದು.

“ಯಾಕಪ್ಪ ತೆಗ್ದೆ? ರಂಗಪ್ಪಂದು ಅಲ್ಲೇ ಇರ್ಲಿ” ಎಂದೆ.

ಅಲ್ಲೇ ನಿಂತಿದ್ದ ರಂಗಪ್ಪನೇ ನನ್ನನ್ನು ತಡೆದ. “ಇರ್ಲಿ ಬುಡಿ ಸಾ. ನಿಮ್ದು ಒಸಾದು, ಬಿಸ್ಲಿಗೆ ಬಣ್ಣ ಓಯ್ತದೆ.”

ಕಡತ ಬಿಡಿಸಿ ಕೂತರೂ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನ ನಾನೇ ಹೋಗಿ ಎರಡನ್ನೂ ಅದಲುಬದಲು ಮಾಡಿಬಂದೆ. ಸಂಜೆ ನೋಡಿದರೆ ಯಾರೋ ಮತ್ತೆ ನನ್ನದನ್ನೇ ಮರದಡಿಗೆ ತಂದಿದ್ದರು.

ನಾನು ಕಾರಿನಲ್ಲಿ ಬರುತ್ತಿದ್ದಾಗ ರಂಗಪ್ಪನ ಸೈಕಲ್ಲಿಗೆ ನೆರಳಾದರೂ ಇತ್ತು.