ಸ್ಟೇಷನ್ನಿನಲ್ಲಿ ಅಸೆನ್ಲಾಳ ಕನ್ನಡ

ಕೇಳ್ರಪ್ಪಾ, ಇವತ್ತು ಬೆಳಿಗ್ಗೆ ನರಸಾಪುರದಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಿದ್ದೆವು. ಒಬ್ಬ ಬೇಕೆಂದೇ ಗುಂಡಿಗೆ ಬೈಕ್ ಇಳಿಸಿ ನನ್ನ ರೂಮ್‌ಮೇಟ್ ಅಸೆನ್ಲಾಳ ಮೇಲೆ ಕೆಸರು ಹಾರಿಸಿದ. ಅವಳು ನಾಗಾಲ್ಯಾಂಡಿನವಳು. ಅವಳ ಕಣ್ಣು, ಮೂಗು, ಊರು ಎಲ್ಲವನ್ನೂ ಎತ್ತಿ ಕನ್ನಡ, ತೆಲುಗು ಎರಡರಲ್ಲೂ ಬೈದು ಹೋದ. ಶಿಫ್ಟಿಗೆ ಚಕ್ಕರ್ ಹೊಡೆದು ಅವಳನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋದೆ.

"ಕೆಸರು ಹಾರಿಸಿದ ಅಂತ ಬರ್ಕೊಂತೀನಿ ಬಿಡಮ್ಮ. ಬೈಗುಳ ಎಲ್ಲಾ ಯಾಕೆ? ಸಾಹೇಬ್ರು ಓದ್ತಾರೆ," ಎಂದರು ಹೆಡ್ ಕಾನ್‌ಸ್ಟೇಬಲ್.

"ಯಾಕೆ ಹಾರಿಸಿದ ಅನ್ನೋದು ಅದರಲ್ಲೇ ಇರೋದು ಸಾರ್. ಅದನ್ನ ಬಿಟ್ರೆ ರಸ್ತೆ ಗುಂಡಿ ಮೇಲೆ ಕಂಪ್ಲೇಂಟ್ ಕೊಟ್ಟಂಗಾಗುತ್ತೆ," ಎಂದೆ.

"ಸರಿ, ಏನಂದ ಹೇಳಮ್ಮ."

ಅಸೆನ್ಲಾ ಹೇಳಿದಳು. ಕನ್ನಡದ್ದು ಮುಗಿಸಿ ತೆಲುಗಿನದಕ್ಕೆ ಬಂದಳು, ರಾಗದ ಸಮೇತ. ಹೆಡ್ ಕಾನ್‌ಸ್ಟೇಬಲ್ಲರ ಕಿವಿ ಕೆಂಪಾಯಿತು.

"ನಮ್ಮ ಭಾಷೆ ಇಷ್ಟು ಚೆನ್ನಾಗಿ ಎಲ್ಲಿ ಕಲಿತೆ ತಾಯಿ?"

"ಅದೇ ಬಸ್ ಸ್ಟಾಪಲ್ಲಿ ಸಾರ್. ಎರಡು ವರ್ಷದಿಂದ ದಿನಾ ಹೇಳ್ಕೊಡ್ತಾರೆ."

ಅವರು ಪೆನ್ನು ತೆಗೆದರು. ದೂರು ಎರಡು ಪುಟ ಆಯಿತು. ಕೆಸರಿನ ಪಾಲಿಗೆ ಬಂದದ್ದು ಒಂದೇ ಸಾಲು.